ಕಿಸೆ ಗಡಿಯಾರ ಕೈಗೇರಬೇಕಾದರೆ: ಯಾವ ಮಷೀನಿಗೆ ಯಾವ ದಾರಿ

ಅಜ್ಜನ ಪೆಟ್ಟಿಗೆಯಲ್ಲಿ ಕಿಸೆ ಗಡಿಯಾರ ಸಿಕ್ಕವರು, ಸರಾಫರು ಬೆಳ್ಳಿಯ ಕೇಸ್ ಕರಗಿಸಿ ಉಳಿಸಿದ ಬರೀ ಮಷೀನನ್ನು (ಒಳಗಿನ ಚಕ್ರ, ಸ್ಪ್ರಿಂಗುಗಳ ಯಂತ್ರವನ್ನು) ಚೌಕಾಸಿ ಮಾಡಿ ತಂದವರು, ಇಬ್ಬರೂ ಕೇಳುವುದು ಒಂದೇ ಮಾತು: ಇದನ್ನು ಕೈಗಡಿಯಾರ ಮಾಡಿಸಬಹುದೆ? ಮಾಡಿಸಬಹುದು. ಅದರಲ್ಲೂ ಬೆಳಗಾವಿ ಸೀಮೆಯವರಿಗೆ ಇದು ಬೇರೆಯವರಿಗಿಂತ ಸಲೀಸು. ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ ಮತ್ತು ಮಚ್ಛೆಯಲ್ಲಿ ಮಿಲಿಮೀಟರಿನ ನೂರನೇ ಪಾಲಿನ ಲೆಕ್ಕದಲ್ಲಿ ಕೆಲಸ ಮಾಡುವ ಲೇಥುಗಳಿವೆ. ಅಥಣಿ, ನಿಪ್ಪಾಣಿ ಕಡೆ ಕೈಯಿಂದ ಚರ್ಮ ಹೊಲಿಯುವವರಿದ್ದಾರೆ. ತೊಡಕು ಇರುವುದು ಆಯ್ಕೆಯಲ್ಲಿ. ಬಹಳ ಜನ ಮೊದಲು ಚೆಂದದ ಕೇಸ್ ಹುಡುಕಿ ತರಿಸುತ್ತಾರೆ, ಆಮೇಲೆ ಮಷೀನು ಅದರೊಳಗೆ ಕೂಡುವುದಿಲ್ಲ ಎಂದು ಗೊತ್ತಾಗುತ್ತದೆ. ಕೇಸನ್ನು ನಿರ್ಧರಿಸುವುದು ಮಷೀನು. ಆದ್ದರಿಂದ ಮೊದಲು ಅದರ ಪರೀಕ್ಷೆ.

ಮಷೀನಿನಲ್ಲಿ ನೋಡಬೇಕಾದದ್ದು

ಮೊದಲು ವ್ಯಾಸ. ಡಯಲ್ ಕೆಳಗಿನ ಮುಖ್ಯ ಪ್ಲೇಟನ್ನು ವರ್ನಿಯರ್‌ನಿಂದ ಅಳೆಯಿರಿ. ಡಯಲ್ ಅಳೆದರೆ ಲೆಕ್ಕ ತಪ್ಪುತ್ತದೆ. ಹಳೆ ಸ್ವಿಸ್ ಮಷೀನುಗಳ ಅಳತೆ ಲಿನ್‌ಗಳಲ್ಲಿ ಇರುತ್ತದೆ, ಒಂದು ಲಿನ್ ಅಂದರೆ 2.256 ಮಿ.ಮೀ. ಬಹಳವಾಗಿ ಸಿಗುವ 19 ಲಿನ್ ಮಷೀನು ಹತ್ತಿರ ಹತ್ತಿರ 42.9 ಮಿ.ಮೀ. ಅಮೆರಿಕದ ವಾಲ್ಥಮ್, ಎಲ್ಜಿನ್ ಮಷೀನುಗಳಿಗೆ ಬೇರೆಯೇ ಸೈಜ್ ಲೆಕ್ಕ: 12 ಸೈಜ್ 39.8 ಮಿ.ಮೀ., 16 ಸೈಜ್ 43.2, 18 ಸೈಜ್ 44.9. ಮಷೀನಿನ ವ್ಯಾಸಕ್ಕೆ ಆರೇಳು ಮಿ.ಮೀ. ಸೇರಿಸಿದರೆ ಕೈಗಡಿಯಾರದ ಹೊರ ವ್ಯಾಸ ಬರುತ್ತದೆ. ಅಂದರೆ 16 ಸೈಜಿನ ಮಷೀನು ಹಾಕಿದ ಕೈಗಡಿಯಾರ 50 ಮಿ.ಮೀ. ಮುಟ್ಟುತ್ತದೆ. ಮಣಿಕಟ್ಟಿನ ಸುತ್ತಳತೆ ಆರೂವರೆ ಇಂಚು ಇರುವವರಿಗೆ, ಪಟ್ಟಿ ಸಿಕ್ಕಿಸುವ ಲಗ್‌ಗಳ ಒಂದು ತುದಿಯಿಂದ ಇನ್ನೊಂದು ತುದಿಗೆ 50 ಮಿ.ಮೀ. ದಾಟಿದರೆ ಅದು ಕೈಯಿಂದ ಆಚೆ ಚಾಚಿಕೊಂಡು ಅಂಗಿಯ ತೋಳಿಗೆ ಸಿಕ್ಕುತ್ತಲೇ ಇರುತ್ತದೆ. ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಒಂದು ದಿನ ಕೈಗೆ ಕಟ್ಟಿಕೊಂಡು ಓಡಾಡಿ ನೋಡಿ. ಖರ್ಚಿಲ್ಲದ ಪರೀಕ್ಷೆ, ಅರ್ಧ ಜನರ ಮನಸ್ಸು ಇಲ್ಲೇ ಬದಲಾಗುತ್ತದೆ.

ಎರಡನೆಯದು ಎಸ್ಕೇಪ್‌ಮೆಂಟ್, ಅಂದರೆ ಸ್ಪ್ರಿಂಗಿನ ಬಲವನ್ನು ಟಿಕ್ ಟಿಕ್ ಎಂದು ತುಸು ತುಸುವಾಗಿ ಬಿಡುವ ಭಾಗ. ಒಳಮುಚ್ಚಳದ ಮೇಲೆ ‘ಆಂಕ್ರ್’, ‘15 ರುಬಿ’ ಎಂದು ಕೆತ್ತಿದ್ದರೆ ಅದು ಲಿವರ್ ಜಾತಿ, ಮುಂದುವರಿಯಬಹುದು. ‘ಸಿಲಿಂಡ್ರ್’ ಎಂದಿದ್ದರೆ ಬಿಟ್ಟುಬಿಡಿ. ಅದರಲ್ಲಿ ನಡುವೆ ಆಡುವ ಕವಲು (ಪ್ಯಾಲೆಟ್ ಫೋರ್ಕ್) ಇರುವುದಿಲ್ಲ, ಹಲ್ಲಿನ ಚಕ್ರ ನೇರವಾಗಿ ಬ್ಯಾಲೆನ್ಸಿನ (ಹಿಂದೆಮುಂದೆ ತೂಗುತ್ತ ವೇಳೆ ಅಳೆಯುವ ಚಕ್ರದ) ಟೊಳ್ಳು ದಂಡಕ್ಕೇ ತಾಕುತ್ತಿರುತ್ತದೆ. ಆ ದಂಡ ಸವೆದರೆ ಅಥವಾ ಮುರಿದರೆ ಹೊಸದು ಮಾಡಿಕೊಡುವವರು ಸಿಗುವುದು ಕಷ್ಟ, ಸಿಕ್ಕರೂ ಕೂಲಿಯೇ ಗಡಿಯಾರದ ಬೆಲೆ ಮೀರುತ್ತದೆ.

ಮೂರನೆಯದು ಪೆಟ್ಟು ತಾಳುವ ಶಕ್ತಿ. ಬ್ಯಾಲೆನ್ಸ್ ಸ್ಟಾಫಿನ, ಅಂದರೆ ಬ್ಯಾಲೆನ್ಸಿನ ದಂಡದ ತುದಿ ಸುಮಾರು 0.1 ಮಿ.ಮೀ. ದಪ್ಪ. ಅದನ್ನು ಪೆಟ್ಟಿನಿಂದ ಕಾಯುವ ಇಂಕಾಬ್ಲಾಕ್‌ನಂಥ ಸ್ಪ್ರಿಂಗ್ ಬಂದದ್ದು 1930ರ ದಶಕದಲ್ಲಿ. ಬ್ಯಾಲೆನ್ಸ್ ಮೇಲಿನ ಜ್ಯುವೆಲ್ (ದಂಡದ ತುದಿ ತಿರುಗುವ ಕಲ್ಲು) ಸುತ್ತ ತಂಬೂರಿಯಾಕಾರದ ಸಣ್ಣ ಸ್ಪ್ರಿಂಗ್ ಕಂಡರೆ ಸರಿ. ಎರಡು ಸ್ಕ್ರೂ ಹಾಕಿ ಕೂಡಿಸಿದ ಬರೀ ಕಲ್ಲು ಕಂಡರೆ ಆ ಮಷೀನು ಕಿಸೆಯೊಳಗೆ ನೆಮ್ಮದಿಯಾಗಿರಲು ಹುಟ್ಟಿದ್ದು. ಅದನ್ನು ಕಟ್ಟಿಕೊಂಡು ಬೈಕ್ ಓಡಿಸಬಾರದು, ಸುತ್ತಿಗೆ ಹಿಡಿಯಬಾರದು, ಕ್ರಿಕೆಟ್ ಆಡಬಾರದು. ದಿನವೂ ಬೈಕಿನಲ್ಲೇ ಡ್ಯೂಟಿಗೆ ಹೋಗುವವರು ಇದೊಂದನ್ನೇ ನೋಡಿ ತೀರ್ಮಾನಿಸಿದರೂ ತಪ್ಪಿಲ್ಲ.

ನಾಲ್ಕನೆಯದರ ಮೇಲೆ ಗಡಿಯಾರದ ರೂಪವೇ ನಿಂತಿದೆ: ಕ್ರೌನ್ (ಕೀಲಿ ಕೊಡುವ ತಿರುಪು) ಮತ್ತು ಸೆಕೆಂಡ್ ಮುಳ್ಳಿನ ಜಾಗ. ಮುಚ್ಚಳವಿಲ್ಲದ ಕಿಸೆ ಗಡಿಯಾರದಲ್ಲಿ ಕ್ರೌನ್ 12ರ ನೆತ್ತಿಯಲ್ಲಿ, ಸಣ್ಣ ಸೆಕೆಂಡು 6ರಲ್ಲಿ, ಎರಡೂ ಎದುರುಬದುರು. ಇದಕ್ಕೆ ಲೆಪಿನ್ ಎನ್ನುತ್ತಾರೆ. ಮುಚ್ಚಳವಿರುವ ಗಡಿಯಾರದಲ್ಲಿ ಕ್ರೌನ್ 3ರಲ್ಲಿ, ಸೆಕೆಂಡು 6ರಲ್ಲಿ. ಇದು ಸಾವೊನೆಟ್ ಅಥವಾ ಹಂಟರ್. ಹಂಟರ್ ಮಷೀನು ಹಾಗೇ ಕೈಗಡಿಯಾರಕ್ಕೆ ಒಗ್ಗುತ್ತದೆ. 1939ರಲ್ಲಿ ಇಬ್ಬರು ಪೋರ್ಚುಗೀಸ್ ವ್ಯಾಪಾರಿಗಳ ಬೇಡಿಕೆಗೆ ಐಡಬ್ಲ್ಯುಸಿ ಕಂಪನಿ ದೊಡ್ಡ ಕೈಗಡಿಯಾರ ಮಾಡಿದಾಗ ಒಳಗೆ ಹಾಕಿದ್ದು ಹಂಟರ್ ಜಾತಿಯ 74ನೇ ಕ್ಯಾಲಿಬರ್ (ಮಷೀನಿನ ಮಾದರಿ). ಲೆಪಿನ್ ಮಷೀನನ್ನು ಕ್ರೌನ್ 3ಕ್ಕೆ ಬರುವಂತೆ ತಿರುಗಿಸಿದರೆ ಸೆಕೆಂಡು 9ಕ್ಕೆ ಹೋಗುತ್ತದೆ, ಹಳೆ ಡಯಲ್ ಅಡ್ಡ ಮಲಗುತ್ತದೆ. ಆಗ ಹೊಸ ಡಯಲ್ ಮಾಡಿಸಬೇಕು, ಇಲ್ಲವೇ ಕ್ರೌನನ್ನು 12ರಲ್ಲೇ ಬಿಟ್ಟು ಲಗ್‌ಗಳ ನಡುವೆ ಅದಕ್ಕೆ ಜಾಗ ಮಾಡಬೇಕು. ಹಳೆ ಇನಾಮೆಲ್ ಡಯಲ್ ಉಳಿಸಿಕೊಳ್ಳುವ ಆಸೆಯಿದ್ದವರಿಗೆ ಎರಡನೆಯದೇ ಸರಿ. ನೋಡಲು ಸ್ವಲ್ಪ ವಿಚಿತ್ರ, ಆದರೆ ಆ ವಿಚಿತ್ರವೇ ಅದರ ಲಕ್ಷಣ. ಇನಾಮೆಲ್ ಡಯಲಿನ ಕಾಲು (ಅದನ್ನು ಮಷೀನಿಗೆ ಸಿಕ್ಕಿಸುವ ಹಿಂಬದಿಯ ಕಡ್ಡಿ) ಕತ್ತರಿಸಲು ಹೋಗಬೇಡಿ. ತಾಮ್ರದ ಮೇಲೆ ಸುಟ್ಟು ಕೂಡಿಸಿದ ಗಾಜು ಅದು, ಕಟರ್ ಒತ್ತಿದ ಕಡೆ ಕೂದಲಿನಂಥ ಬಿರುಕು ಓಡುತ್ತದೆ.

ಐದನೆಯದನ್ನು ಹೊಸಬರಿರಲಿ, ಕೆಲವು ರಿಪೇರಿಯವರೂ ಮರೆಯುತ್ತಾರೆ: ಟೈಮ್ ಕೂಡಿಸುವ ಬಗೆ. ಸ್ವಿಸ್ ಮಷೀನುಗಳಲ್ಲಿ ಬಹುತೇಕ ಸ್ಟೆಮ್ (ಕ್ರೌನಿನಿಂದ ಮಷೀನಿನೊಳಗೆ ಹೋಗುವ ಕಡ್ಡಿ) ಮಷೀನಿಗೇ ಸೇರಿರುತ್ತದೆ, ಒಂದು ಸ್ಕ್ರೂ ಸಡಿಲಿಸಿದರೆ ಹೊರಗೆ ಬರುತ್ತದೆ. ಇದು ಸುಲಭದ್ದು. ಹಳೆ ಅಮೆರಿಕನ್ ಮಷೀನುಗಳಲ್ಲಿ ಬಹಳಷ್ಟರ ಸ್ಟೆಮ್ ಕೇಸಿನ ಕೊರಳಿನಲ್ಲಿ, ಬೆರಳು ಬೆರಳಾಗಿ ಸೀಳಿದ ಒಂದು ಸ್ಲೀವ್‌ನೊಳಗೆ ಕೂತಿರುತ್ತದೆ. ಸ್ಟೆಮ್ ಒಳಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಕೀಲಿ ಸುತ್ತುತ್ತದೆ. ಒತ್ತಡ ಹೋದ ಕೂಡಲೇ ಒಳಗಿನ ಸ್ಪ್ರಿಂಗ್ ಮಷೀನನ್ನು ಟೈಮ್ ಕೂಡಿಸುವ ಸ್ಥಿತಿಗೆ ತಳ್ಳುತ್ತದೆ. ಇಂಥ ಮಷೀನನ್ನು ಮಾಮೂಲಿ ಕೇಸಿಗೆ ಹಾಕಿದರೆ ಕೀಲಿ ಕೊಡಲು ಹೋದಾಗಲೆಲ್ಲ ಮುಳ್ಳು ತಿರುಗುತ್ತದೆ. ಪರಿಹಾರ ಹಳೆ ಸ್ಲೀವ್ ಸಮೇತ ಹೊಸ ಕೇಸಿನಲ್ಲಿ ಕೊರಳು ಮಾಡಿಸುವುದು. ರೈಲ್ವೆಯವರಿಗೆಂದು ಮಾಡಿದ ಕೆಲವು ಅಮೆರಿಕನ್ ಗಡಿಯಾರಗಳಲ್ಲಿ ಗಾಜಿನ ಚೌಕಟ್ಟು ಬಿಚ್ಚಿ ಡಯಲ್ ಬದಿಯ ಸಣ್ಣ ಲಿವರ್ ಎಳೆದೇ ಟೈಮ್ ಕೂಡಿಸಬೇಕು. ಕೈಗಡಿಯಾರಕ್ಕೆ ಇದು ಒಗ್ಗದ ಮಾತು. ಕ್ರೌನ್ ಪಕ್ಕದಲ್ಲಿ ಉಗುರಿನಿಂದ ಒತ್ತುವ ಗುಂಡಿಯಿರುವ ಮಷೀನಾದರೆ ಕೇಸಿಗೆ ಇನ್ನೊಂದು ತೂತು ಬೇಕು, ಆ ತೂತಿನಿಂದ ಧೂಳು ಒಳಗೆ. ಬೇರೆ ಕೀಲಿಕೈ ಹಾಕಿ ಸುತ್ತುವ ಮಷೀನನ್ನಂತೂ ಗಾಜಿನ ಡಬ್ಬಿಯಲ್ಲಿಟ್ಟು ಟೇಬಲ್ ಮೇಲೆ ಇಡಿ.

ಇಷ್ಟಾದ ಮೇಲೆ ಉಳಿದ ಪ್ರಶ್ನೆಗಳು ಎರಡು. ಮಾಡಿದ್ದನ್ನು ಮರಳಿ ಮೊದಲಿನಂತೆ ಮಾಡಬಹುದೆ? ಎಷ್ಟು ಖರ್ಚು ಮಾಡಲು ಮನಸ್ಸಿದೆ? ಕೇಸು, ಡಯಲು, ಮಷೀನು ಮೂರೂ ಒಂದೇ ಕಾಲದವಾಗಿ ಕೂಡಿಯೇ ಇದ್ದರೆ, ಉದಾಹರಣೆಗೆ ಡಯಲ್ ಮೇಲೆ ‘ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ’ ಎಂದಿರುವ ಮನೆತನದ ಗಡಿಯಾರವಾದರೆ, ಮರಳಿ ಬಾರದ ಯಾವ ಕೆಲಸವನ್ನೂ ಅದರ ಮೇಲೆ ಮಾಡಬಾರದು. ಸಂಗ್ರಹಕಾರರು ಕೊಡುವ ಬೆಲೆಯೂ ಬಿದ್ದುಹೋಗುತ್ತದೆ. ಕೇಸು ಕರಗಿಹೋದ ಅನಾಥ ಮಷೀನಿಗೆ ಈ ಅಂಜಿಕೆಯಿಲ್ಲ.

ಚರ್ಮದ ಬಟ್ಟಲು

ಎಲ್ಲಕ್ಕಿಂತ ಅಗ್ಗದ್ದು, ಗಡಿಯಾರಕ್ಕೆ ಗೀರೂ ಬೀಳದ್ದು. ಇಡೀ ಗಡಿಯಾರವನ್ನು ಕೇಸ್ ಸಮೇತ ಕೂಡಿಸುವ ಚರ್ಮದ ಬಟ್ಟಲು, ಅದಕ್ಕೆ ಅಗಲ ಪಟ್ಟಿ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಸೈನಿಕರು ಹೀಗೆಯೇ ಕಟ್ಟಿಕೊಳ್ಳುತ್ತಿದ್ದರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಗೆ ಬಳಸುವ ಗಿಡಮೂಲಿಕೆಯಿಂದ ಹದ ಮಾಡಿದ ಚರ್ಮವೇ ಇದಕ್ಕೂ ಬೇಕು, ಯಾಕೆಂದರೆ ನೆನೆಸಿ ಅಚ್ಚಿಗೆ ಒತ್ತಿದರೆ ಆಕಾರ ಹಿಡಿಯುತ್ತದೆ. ಕ್ರೋಮ್ ಹದದ ಚರ್ಮ ಒಣಗಿದ ಮೇಲೆ ಮರಳಿ ಸಪಾಟಾಗುತ್ತದೆ.

ತಳಕ್ಕೆ 2ರಿಂದ 2.5 ಮಿ.ಮೀ., ಬಟ್ಟಲಿಗೆ 1.2ರಿಂದ 1.5 ಮಿ.ಮೀ. ಚರ್ಮ ಸಾಕು. ಅಚ್ಚಿಗೆ ಗಡಿಯಾರವನ್ನೇ ಕೊಡಬೇಡಿ. ಅಷ್ಟೇ ವ್ಯಾಸ, ಅಷ್ಟೇ ದಪ್ಪದ ಕಟ್ಟಿಗೆಯ ಬಿಲ್ಲೆ ಕಡೆಸಿಕೊಡಿ. ಬಟ್ಟಲು ಪೂರ್ತಿ ಒಣಗಲು ಎರಡು ದಿನ ಬೇಕು, ಮಳೆಗಾಲದ ಬೆಳಗಾವಿಯಲ್ಲಿ ಇನ್ನೂ ಹೆಚ್ಚು. ಹಸಿ ಇರುವಾಗಲೇ ಕೂಡಿಸಿದರೆ ಬೆಳ್ಳಿ ಕಪ್ಪಾಗುತ್ತದೆ, ಹಿತ್ತಾಳೆ ಹಸಿರಾಗುತ್ತದೆ. ಒಳಗೆ ತೆಳು ಹತ್ತಿ ಬಟ್ಟೆ ಅಂಟಿಸಿದರೆ ಕ್ಷೇಮ.

ಕೊರತೆ ತೂಕ ಮತ್ತು ಎತ್ತರ. ಕೇಸ್ ಸಮೇತ ನೂರು ಗ್ರಾಂ ಸುಮಾರಿನದು ಮಣಿಕಟ್ಟಿನ ಮೇಲೆ ಗೋಪುರದಂತೆ ಕೂಡುತ್ತದೆ. ಮದುವೆ ಮನೆಗೆ, ಜಾತ್ರೆಗೆ ಚೆಂದ. ದಿನದ ಬಳಕೆಗೆ ಅಲ್ಲ. ಮನೆತನದ ಗಡಿಯಾರ ಇದ್ದವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸಿದ್ಧ ಕೇಸ್

ಹೊರಗಿನಿಂದ ತರಿಸುವ ಸಿದ್ಧ ಕೇಸುಗಳು ಹೆಚ್ಚಾಗಿ 42ರಿಂದ 44 ಮಿ.ಮೀ. ಇರುತ್ತವೆ, ಒಳಗಿನ ಗೂಡು 36.6 ಮಿ.ಮೀ. ವ್ಯಾಸದ ಯುನಿಟಾಸ್ 6497, 6498 ಮಷೀನುಗಳಿಗೆ ಕೊರೆದದ್ದು. ಕಿಸೆ ಗಡಿಯಾರಕ್ಕೆಂದೇ ಹುಟ್ಟಿ ಆಮೇಲೆ ಕೈಗೇರಿದ ಮಷೀನುಗಳು ಇವು: 4.5 ಮಿ.ಮೀ. ದಪ್ಪ, 17 ಜ್ಯುವೆಲ್. 6497 ಲೆಪಿನ್, 6498 ಹಂಟರ್. ರಷ್ಯದ ಮೊಲ್ನಿಯಾ 3602 ಕೂಡ 36 ಮಿ.ಮೀ. ಆಸುಪಾಸಿನದು, ಲೆಪಿನ್, 18 ಜ್ಯುವೆಲ್. ಸ್ವಿಸ್ ಕೊರ್ಟೆಬೆರ್ಟ್ 620ರ ಮಾದರಿಯ ಮೇಲೆ ನಿಂತದ್ದು. ಇವುಗಳಲ್ಲಿ ಒಂದು ನಿಮ್ಮ ಬಳಿ ಇದ್ದರೆ ಬೇರೆ ಯೋಚನೆ ಬೇಡ, ಕೆಲವು ಸಾವಿರದಲ್ಲಿ ಕೆಲಸ ಮುಗಿಯುತ್ತದೆ.

ಆದರೆ 6497ರ ಕೇಸಿಗೆ ಮೊಲ್ನಿಯಾ ಹಾಕಿದರೆ ಸರಿಹೋಗುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ. ವ್ಯಾಸ ಹೊಂದಿದರೂ ಸ್ಟೆಮ್ಮಿನ ಎತ್ತರ ಹೊಂದುವುದಿಲ್ಲ. 0.2 ಮಿ.ಮೀ. ವ್ಯತ್ಯಾಸವಿದ್ದರೂ ಸ್ಟೆಮ್ ಓರೆಯಾಗಿ ಉಜ್ಜಿ, ಕೆಲವು ತಿಂಗಳಲ್ಲಿ ಕೀಲಿ ಬಿಗಿಯಾಗುತ್ತದೆ, ಕೊನೆಗೆ ಸ್ಟೆಮ್ ಮುರಿಯುತ್ತದೆ. 3602ಕ್ಕೆಂದೇ ಕೊರೆದ ಕೇಸ್ ಕೇಳಿ ತರಿಸಿ. ಕ್ರೌನಿನ ಎಳೆಯನ್ನೂ (ಸ್ಕ್ರೂ ಥ್ರೆಡ್) ನೋಡಿ: ಈಗಿನ ಬಹಳಷ್ಟು ಕೈಗಡಿಯಾರಗಳ ಕ್ರೌನ್ 0.90 ಮಿ.ಮೀ. ಎಳೆಯದು, ಕಿಸೆ ಗಡಿಯಾರದ ಸ್ಟೆಮ್ ಅದಕ್ಕಿಂತ ದಪ್ಪ.

19 ಲಿನ್ ಅಥವಾ 16 ಸೈಜ್ ಇದ್ದವರಿಗೆ ಈ ದಾರಿ ಮುಚ್ಚಿದೆ. ಪ್ಲೇಟಿನ ಅಂಚು ಕಡೆದು ಕೂಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡ. ಅಂಚಿನಲ್ಲೇ ಸ್ಕ್ರೂ ತೂತುಗಳು, ಕ್ಲಿಕ್ (ಸುತ್ತಿದ ಕೀಲಿ ಹಿಂದೆ ಬಿಚ್ಚದಂತೆ ತಡೆಯುವ ಕೊಕ್ಕೆ), ಕೆಲವೊಮ್ಮೆ ಬ್ಯಾರೆಲ್ಲಿನ (ಮುಖ್ಯ ಸ್ಪ್ರಿಂಗ್ ಇರುವ ಡಬ್ಬಿಯ) ಗೂಡೇ ಇರುತ್ತದೆ.

ಉದ್ಯಮಬಾಗದ ಲೇಥ್

ದೊಡ್ಡ ಮಷೀನಿಗೆ ಸರಿಯಾದ ಉತ್ತರ ಅಳತೆಗೆ ಮಾಡಿಸಿದ ಕೇಸ್. ಹತ್ತು ಸಾವಿರ ಸುಲಭವಾಗಿ ದಾಟುತ್ತದೆ, ಯಾಕೆಂದರೆ ಒಂದೇ ಪೀಸ್ ಆದರೂ ಪ್ರೋಗ್ರಾಂ ಬರೆದು, ಜಿಗ್ ಕಟ್ಟಿ, ಸೆಟ್ಟಿಂಗ್ ಮಾಡುವ ತಾಸುಗಳಿಗೆ ಕೂಲಿ ಬೀಳುತ್ತದೆ. ಅದೇ ಮಷೀನು ಇರುವ ಮೂವರು ಕೂಡಿ ಹೋದರೆ ತಲಾ ಖರ್ಚು ಅರ್ಧಕ್ಕೆ ಹತ್ತಿರ ಇಳಿಯುತ್ತದೆ.

ಮಷೀನನ್ನು ವರ್ಕ್‌ಶಾಪಿಗೆ ಒಯ್ಯಲೇಬೇಡಿ. ಕಬ್ಬಿಣದ ಪುಡಿ, ಫೌಂಡ್ರಿಯ ಉಸುಕು ಹಾರುವ ಜಾಗ. ಮ್ಯಾಗ್ನೆಟಿಕ್ ಚಕ್ ಹತ್ತಿರ ಇಟ್ಟರೆ ಬ್ಯಾಲೆನ್ಸಿನ ಕೂದಲೆಳೆಯಂಥ ಸ್ಪ್ರಿಂಗಿಗೆ (ಹೇರ್‌ಸ್ಪ್ರಿಂಗ್) ಅಯಸ್ಕಾಂತ ಹತ್ತಿ ಗಡಿಯಾರ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ಅದರ ಬದಲು ಹಿತ್ತಾಳೆಯ ಡಮ್ಮಿ ಮಾಡಿಸಿ: ಅದೇ ವ್ಯಾಸ, ಅದೇ ದಪ್ಪ, ಸ್ಟೆಮ್ಮಿನ ಮಧ್ಯಬಿಂದು ಡಯಲ್ ಕೂಡುವ ಮೇಲ್ಮೈಯಿಂದ ಎಷ್ಟು ಕೆಳಗಿದೆ ಎಂಬ ಗುರುತಿನೊಂದಿಗೆ. ಮುಂದಿನ ಅಳತೆಯೆಲ್ಲ ಡಮ್ಮಿಯ ಮೇಲೆ.

ಲೋಹ 316 ಎಲ್ ಸ್ಟೇನ್‌ಲೆಸ್. ಅಂಗಡಿಯವರು ಕೈಗೆ ಸಿಕ್ಕ ಇಎನ್ 8 (ಮಾಮೂಲಿ ಕಾರ್ಬನ್ ಸ್ಟೀಲ್) ತೋರಿಸಿದರೆ ಒಪ್ಪಬೇಡಿ, ಬೆವರಿಗೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಕಡೆಯಲು ಸುಲಭ, ಅಗ್ಗ, ಆದರೆ ಬೇಸಿಗೆಯಲ್ಲಿ ಕೈ ಹಸಿರಾಗುತ್ತದೆ. ಟೈಟಾನಿಯಂ ಹಗುರ, 50 ಮಿ.ಮೀ. ಕೇಸಿಗೆ ಹೇಳಿಮಾಡಿಸಿದ್ದು, ಟೂಲ್ ಬೇಗ ತಿನ್ನುವುದರಿಂದ ಕೂಲಿ ಏರುತ್ತದೆ.

ಡ್ರಾಯಿಂಗಿನಲ್ಲಿ ನಾಲ್ಕು ಭಾಗ: ನಡುವಿನ ಕೇಸ್, ಗಾಜು ಕೂಡುವ ಬೆಜೆಲ್, ಹಿಂಬದಿಯ ಮುಚ್ಚಳ, ಮಷೀನನ್ನು ಹಿಡಿಯುವ ಹಿತ್ತಾಳೆಯ ರಿಂಗ್. ರಿಂಗ್ ಮತ್ತು ಮಷೀನಿನ ನಡುವೆ 0.03ರಿಂದ 0.05 ಮಿ.ಮೀ. ಸಡಿಲ ಸಾಕು. ಹೆಚ್ಚಾದರೆ ಕೀಲಿ ಕೊಡುವಾಗ ಮಷೀನು ಅಲುಗುತ್ತದೆ. ಅಷ್ಟೂ ಇಲ್ಲದಿದ್ದರೆ ಒತ್ತಿ ಕೂಡಿಸುವಾಗ ಪ್ಲೇಟ್ ಬಾಗಿ ಚಕ್ರಗಳು ಹಿಡಿಯುತ್ತವೆ. ಮುಳ್ಳಿನ ತುದಿಗೂ ಗಾಜಿಗೂ ಕನಿಷ್ಠ ಅರ್ಧ ಮಿ.ಮೀ. ಅಂತರ ಬೇಕು. ಇನಾಮೆಲ್ ಡಯಲ್ ಒಂದು ಮಿ.ಮೀ. ಹತ್ತಿರ ದಪ್ಪ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಈ ಅಂತರವೇ ಮಾಯ.

ಕೆಡುವುದು ಹೆಚ್ಚಾಗಿ ಸ್ಟೆಮ್ಮಿನ ತೂತಿನಲ್ಲಿ. ದುಂಡು ಮೈಮೇಲೆ ನೇರ ಡ್ರಿಲ್ ಇಟ್ಟರೆ ಜಾರುತ್ತದೆ. ಮೊದಲು ಎಂಡ್‌ಮಿಲ್‌ನಿಂದ ಸಣ್ಣ ಸಪಾಟು ಮಾಡಿ, ಸೆಂಟರ್ ಗುರುತು ಹಾಕಿ, ಆಮೇಲೆ ಕೊರೆಯಬೇಕು; ಎತ್ತರದಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ತಪ್ಪಬಾರದು. ಲಗ್‌ಗಳಲ್ಲಿ ಸ್ಪ್ರಿಂಗ್ ಬಾರ್ (ಪಟ್ಟಿ ಹಿಡಿಯುವ ಕಡ್ಡಿ) ತುದಿ ಕೂಡುವ ಒಂದು ಮಿ.ಮೀ. ತೂತನ್ನು ಪಾಲಿಶ್‌ಗೆ ಮೊದಲೇ, ಕಾರ್ಬೈಡ್ ಡ್ರಿಲ್‌ನಿಂದ ಹೊಡೆಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ 316ರಲ್ಲಿ ಮುರಿದು ಒಳಗೇ ಉಳಿದರೆ ಇಡೀ ಕೇಸ್ ಹೋದಂತೆ. ಹಿಂಬದಿ ಮುಚ್ಚಳಕ್ಕೆ 0.5 ಮಿ.ಮೀ. ಪಿಚ್ಚಿನ ಎಳೆ ಸಾಕು, ಮುಚ್ಚುವ ಮುಂಚೆ ಸಿಲಿಕಾನ್ ಗ್ರೀಸ್ ಹಚ್ಚಿ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿ ತಿರುಗಿದರೆ ಎಳೆ ಒಂದಕ್ಕೊಂದು ಕಚ್ಚಿ ಮತ್ತೆ ಬಿಚ್ಚುವುದಿಲ್ಲ.

ಮೊದಲ ಪೀಸ್ ಅಲ್ಯೂಮಿನಿಯಂನಲ್ಲಿ ತೆಗೆಸಿ, ಡಮ್ಮಿ ಕೂಡಿಸಿ, ಕೈಗೆ ಕಟ್ಟಿ ನೋಡಿ. ಸ್ಟೀಲಿನ ಪೀಸ್ ಆ ಮೇಲೆ. ವಿಮಾನದ ಬಿಡಿಭಾಗ ಮಾಡುವ ಜಿಲ್ಲೆ ಇದು, ಅಳತೆ ಹಿಡಿಯುವ ಕೈಗೆ ಕೊರತೆಯಿಲ್ಲ. ಆದರೆ ಕೆಲಸ ಅರಿತ ಟರ್ನರ್‌ಗೂ ಗಡಿಯಾರದ ಕೇಸ್ ಹೊಸದಾಗಿರುತ್ತದೆ, ಬಾಯಿಮಾತಿನಲ್ಲಿ ಹೇಳಿದ್ದು ಡ್ರಾಯಿಂಗ್ ಆಗುವುದಿಲ್ಲ.

ಹಳೆ ಕೇಸಿಗೆ ಲಗ್ ಬೆಸುಗೆ

ಮೊದಲ ಮಹಾಯುದ್ಧದ ಕಾಲದ ಕೈಗಡಿಯಾರಗಳಂತೆ ಹಳೆ ಕೇಸಿಗೇ ತಂತಿಯ ಲಗ್ ಬೆಸೆಯುವುದು. ಅಕ್ಕಸಾಲಿಗರು ಮಾಡಿಕೊಡುತ್ತಾರೆ, ಖರ್ಚೂ ಕಡಿಮೆ, ನೋಡಲು ಬಲು ಚೆಂದ. ಆದರೂ ಬಹಳ ಜನರಿಗೆ ಹೇಳಬಾರದ ದಾರಿ. ಗಟ್ಟಿ ಬೆಳ್ಳಿ ಬೆಸುಗೆಗೆ 700 ಡಿಗ್ರಿ ಆಸುಪಾಸಿನ ಕಾವು ಬೇಕು. ಆ ಕಾವಿಗೆ ಮುಚ್ಚಳ ಹಾರಿಸುವ ಸ್ಪ್ರಿಂಗ್ ಹದ ಕಳೆದುಕೊಳ್ಳುತ್ತದೆ, ಕೀಲಿನ ಹಳೆ ಬೆಸುಗೆ ಬಿಡುತ್ತದೆ, ಚಿನ್ನದ ತೆಳು ಹೊದಿಕೆಯ ಕೇಸ್ ಕಲೆಗಟ್ಟುತ್ತದೆ. ಲೇಸರ್ ಬೆಸುಗೆಯವರು ಸಿಕ್ಕರೆ ಹಾನಿ ಕಡಿಮೆ. ಲೆಪಿನ್ ಗಡಿಯಾರಕ್ಕೆ ಇನ್ನೊಂದು ತೊಡಕು: ಲಗ್ 12ರಲ್ಲಿ ಬರಬೇಕಾದ ಜಾಗದಲ್ಲೇ ಕ್ರೌನ್ ಇದೆ. ಹಾಗಾಗಿ ಇದು ಕಲೆ ಬಿದ್ದ, ಮುಚ್ಚಳ ಕಳೆದುಕೊಂಡ, ಬೆಳ್ಳಿಯ ಹಂಟರ್ ಕೇಸಿಗೆ ಮಾತ್ರ. ನೀರು, ಧೂಳು ತಡೆಯುವುದಿಲ್ಲ. ಸಿಮೆಂಟ್ ಧೂಳಿನ ಬಾಗಲಕೋಟೆಗೂ ಬೇಸಿಗೆಯ ವಿಜಯಪುರಕ್ಕೂ ಇದನ್ನು ಕಟ್ಟಿಕೊಂಡು ಹೋದರೆ ವರ್ಷಕ್ಕೊಮ್ಮೆ ಸರ್ವಿಸ್ ಗ್ಯಾರಂಟಿ.

ಹೊಸ ಮಷೀನು

ಪೆಟ್ಟು ತಾಳದ ಹಳೆ ಮಷೀನು, ದಿನವೂ ಬೈಕು, ಮಳೆಯಲ್ಲಿ ಓಡಾಟ, ಆದರೂ ಕಿಸೆ ಗಡಿಯಾರದ ದೊಡ್ಡ ಬ್ಯಾಲೆನ್ಸ್ ನಿಧಾನವಾಗಿ ಆಡುವುದನ್ನು ಕೈಯಲ್ಲೇ ನೋಡಬೇಕೆಂಬ ಆಸೆ: ಇಂಥವರು ಹೊಸ 6497 ಅಥವಾ ಚೀನಾದ ಸೀಗಲ್ ಎಸ್‌ಟಿ 36 ತರಿಸಿ ಸಿದ್ಧ ಕೇಸಿಗೆ ಹಾಕಿಸಲಿ. ಅದೇ ವಂಶದ ಮಷೀನು, ಇಂಕಾಬ್ಲಾಕ್ ರೀತಿಯ ರಕ್ಷಣೆ ಇದೆ, ಬಿಡಿಭಾಗ ಸಿಗುತ್ತವೆ. ಅಜ್ಜನದು ಮನೆಯಲ್ಲಿರಲಿ. ಇದನ್ನು ಸೋಲು ಎಂದುಕೊಳ್ಳುವವರಿದ್ದಾರೆ. ಮುರಿದ ಬ್ಯಾಲೆನ್ಸ್ ಸ್ಟಾಫ್ ಹಿಡಿದು ಊರೂರು ಅಲೆಯುವುದಕ್ಕಿಂತ ವಾಸಿ.

ಹಣ ಕೊಡುವ ಮುಂಚೆ

ಯಾವ ದಾರಿ ಹಿಡಿದರೂ ಮೊದಲ ಖರ್ಚು ಸರ್ವಿಸ್‌ಗೆ ಆಗಲಿ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸತ್ತ ನೀಲಿ ಸ್ಟೀಲಿನ ಮೇನ್‌ಸ್ಪ್ರಿಂಗ್ ಬದಲಿಸಿದ ಮೇಲೆ ಟೈಮ್‌ಗ್ರಾಫರ್ (ಟಿಕ್ ಸದ್ದು ಕೇಳಿ ಓಟ ಅಳೆಯುವ ಯಂತ್ರ) ಮೇಲೆ ಇಟ್ಟು ನೋಡಬೇಕು. ಪೂರ್ತಿ ಕೀಲಿ ಕೊಟ್ಟು ಡಯಲ್ ಮೇಲ್ಮುಖ ಮಾಡಿದಾಗ ಬ್ಯಾಲೆನ್ಸಿನ ತೂಗು 250 ಡಿಗ್ರಿ ದಾಟಿದರೆ ಸಂತೋಷ. 200ರ ಕೆಳಗಿದ್ದರೆ ಕೇಸಿನ ಮಾತು ಈಗಲೇ ಬೇಡ. 6497ಕ್ಕೆ ಆ ಯಂತ್ರದಲ್ಲಿ ಲಿಫ್ಟ್ ಆ್ಯಂಗಲ್ (ತೂಗಿನ ಲೆಕ್ಕಕ್ಕೆ ಬೇಕಾದ, ಮಷೀನಿಗೆ ತಕ್ಕ ಕೋನ) 44 ಎಂದು ಕೂಡಿಸದಿದ್ದರೆ ತೋರಿಸುವ ಅಂಕಿಯೇ ಸುಳ್ಳು. ಕ್ರೌನ್ ಕೆಳಮುಖ ಮಾಡಿಯೂ ನೋಡಿ: ಕಿಸೆಯಲ್ಲಿ ಕ್ರೌನ್ ಮೇಲಾಗಿ ನಿಲ್ಲಲು ತಿದ್ದಿದ ಮಷೀನು ಕೈ ಇಳಿಬಿಟ್ಟಾಗ ಬೇರೆಯೇ ಓಡುತ್ತದೆ. ನೂರು ವರ್ಷದ ಮಷೀನು ದಿನಕ್ಕೆ ಅರ್ಧ ನಿಮಿಷದೊಳಗೆ ಹಿಂದೆಮುಂದೆ ಆದರೆ ದೂರುವಂತಿಲ್ಲ.

ಕತ್ತಲಲ್ಲಿ ಹೊಳೆಯುತ್ತಿದ್ದ, ಈಗ ಕಂದು ಬಣ್ಣಕ್ಕೆ ತಿರುಗಿದ ಅಂಕಿ ಮತ್ತು ಮುಳ್ಳು ಕಂಡರೆ ಕೆರೆಯಬೇಡಿ. 1960ರ ದಶಕಕ್ಕಿಂತ ಹಿಂದಿನ ಅಂಥ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತರೂ ವಿಕಿರಣ ಸತ್ತಿರುವುದಿಲ್ಲ, ಪುಡಿ ಉಸಿರಿಗೆ ಹೋಗಬಾರದು.

ಆನ್‌ಲೈನ್‌ನಲ್ಲಿ ‘ಆಂಟಿಕ್ ಮಷೀನಿನ ಕೈಗಡಿಯಾರ’ ಎಂದು ಸಿದ್ಧವಾಗಿ ಮಾರುವವುಗಳಲ್ಲಿ, ಡಯಲ್ ಮೇಲೆ ದೊಡ್ಡ ಕಂಪನಿಯ ಹೆಸರು ಹೊಸದಾಗಿ ಅಚ್ಚಾಗಿದ್ದರೆ ದೂರವಿರಿ. ಅಂಥ ಡಯಲ್ ನಕಲಿ, ಒಳಗಿನ ಮಷೀನು ಎಷ್ಟೇ ಅಸಲಿ ಇರಲಿ.

ಮತ್ತೆ, ಹಳೆ ಸ್ಟೆಮ್ ಕತ್ತರಿಸಲು ಬಿಡಬೇಡಿ. ಕಿಸೆ ಗಡಿಯಾರದ ಸ್ಟೆಮ್ ಉದ್ದ, ಕೈಗಡಿಯಾರಕ್ಕೆ ಗಿಡ್ಡದು ಬೇಕು, ಮೆಕ್ಯಾನಿಕ್ ಕೈಗೆ ಮೊದಲು ಸಿಗುವುದು ಕಟರ್. 6497, 3602ಕ್ಕೆ ಬೇರೆ ಸ್ಟೆಮ್ ಕೊಳ್ಳಲು ಸಿಗುತ್ತದೆ. ಹಳೆ ಸ್ವಿಸ್ ಮಷೀನಿಗೆ ಸಿಗದಿದ್ದರೆ ಲೇಥ್ ಮೇಲೆ ಇನ್ನೊಂದು ಕಡೆಸಿ, ಹಳೆಯದನ್ನು ಹಳೆ ಕೇಸ್ ಮತ್ತು ಡಯಲ್ ಸ್ಕ್ರೂಗಳ ಜೊತೆ ಒಂದೇ ಚೀಲದಲ್ಲಿ ಹೆಸರು ಬರೆದು ಇಡಿ.